ಮೊದಲು ಕೋಣೆ, ಆಮೇಲೆ ಪ್ರಶ್ನೆ

ಮಾನಸಿಕ ಆರೋಗ್ಯದ ಅಧ್ಯಯನಗಳಿಗೆ ಕನ್ನಡದಲ್ಲಿ ಸಂದರ್ಶನ ಮಾಡಿ ಅಂಕ ಹಾಕುವುದು ನನ್ನ ಕೆಲಸ. ಕೋವಿಡ್ ನಂತರ ಹೆಚ್ಚಿನದು ವೀಡಿಯೊ ಕಾಲ್‌ನಲ್ಲೇ. ನಾನು ಬೆಂಗಳೂರಿನಲ್ಲಿ, ಉತ್ತರ ಕೊಡುವವರು ಯಾದಗಿರಿಯಲ್ಲೋ ಕೊಳ್ಳೇಗಾಲದಲ್ಲೋ. ಹಾಸಿಗೆಯಿಂದ ಏಳುವುದೇ ಕಷ್ಟವಾದವರು ಕೂಲಿ ಬಿಟ್ಟು ರಾತ್ರಿ ಬಸ್ಸು ಹತ್ತಬೇಕಿಲ್ಲ. ಇದು ದೊಡ್ಡ ಅನುಕೂಲ.

ಆದರೆ ಆಸ್ಪತ್ರೆಯಲ್ಲಿ ಬಾಗಿಲು ಹಾಕಿದರೆ ಕೋಣೆ ನಮ್ಮದು. ಇಲ್ಲಿ ಬಾಗಿಲು ಅವರ ಮನೆಯದು, ಎಷ್ಟೋ ಮನೆಗಳಲ್ಲಿ ಇರುವುದೇ ಒಂದು ಬಾಗಿಲು. ಫೋನು ಮಗನದು. ಅತ್ತೆ ಮೂಲೆಯಲ್ಲಿ ಕೂತಿರುತ್ತಾರೆ, ಕ್ಯಾಮೆರಾಗೆ ಕಾಣುವುದಿಲ್ಲ. ಆಗ ನಿದ್ದೆ ಹೇಗಿದೆ ಎಂದರೆ "ಚೆನ್ನಾಗಿದೆ ಮೇಡಂ". ಅಳು ಬರುತ್ತಾ ಎಂದರೆ "ಇಲ್ಲ". ಹಾಳೆಯ ಮೇಲೆ ಆಕೆ ಆರೋಗ್ಯವಂತೆ!

ಹಾಗಾಗಿ ನಾನು ಮೊದಲು ಇಯರ್‌ಫೋನ್ ಹಾಕಿಸುತ್ತೇನೆ. ಪಿಎಚ್‌ಕ್ಯೂ-9 ಅಂದರೆ ಖಿನ್ನತೆ ಎಷ್ಟಿದೆ ಎಂದು ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ. ಅದರಲ್ಲಿ ಒಂದೊಂದು ಪ್ರಶ್ನೆಗೂ ಉತ್ತರ 0ಯಿಂದ 3ರೊಳಗೆ. ಸುಮ್ನೆ "ಎರಡು", "ಮೂರು" ಅಂದರೆ ಸಾಕು, ಪಕ್ಕದಲ್ಲಿದ್ದವರಿಗೆ ಏನೂ ತಿಳಿಯದು. ಯಾರಾದರೂ ಹತ್ತಿರ ಬಂದರೆ "ಅಡುಗೆ ಆಗಬೇಕು" ಅನ್ನಿ ಎಂದು ಮೊದಲೇ ಹೇಳಿರುತ್ತೇನೆ. ಆ ಮಾತು ಕೇಳಿದ ಕೂಡಲೇ ನಾನು ಮಳೆ ಬೆಳೆಯ ವಿಚಾರಕ್ಕೆ ಹೊರಳುತ್ತೇನೆ.

ನೆಟ್‌ವರ್ಕ್‌ನ ಕಷ್ಟ ಬೇರೆಯೇ. ಮನೋವೈದ್ಯ ಮ್ಯಾಕ್ಸ್ ಹ್ಯಾಮಿಲ್ಟನ್ 1960ರಲ್ಲಿ ಪ್ರಕಟಿಸಿದ, ಖಿನ್ನತೆ ಅಳೆಯುವ ಸ್ಕೇಲ್ ಈಗಲೂ ಬಳಕೆಯಲ್ಲಿದೆ. ಅದರ 17 ಅಂಶಗಳಲ್ಲಿ ಎಂಟನೆಯದು ಮಾತು, ಯೋಚನೆ ನಿಧಾನವಾಗಿದೆಯಾ ಅನ್ನುವುದು. ಇದನ್ನು ಕೇಳಿ ತಿಳಿಯುವುದಲ್ಲ, ನೋಡಿ ಅಂಕ ಹಾಕಬೇಕು. ಉತ್ತರ ತಡವಾಗಿ ಬಂದರೆ ಅದು ಕಾಯಿಲೆಯೋ ಸಿಗ್ನಲ್ಲೋ? ಫೋನು ಹಿಡಿದುಕೊಟ್ಟ ಮಗನ ಜೊತೆ ಮೊದಲು ಎರಡು ಮಾತಾಡುತ್ತೇನೆ. ಅವನ ಉತ್ತರ ಎಷ್ಟು ತಡವಾಗುತ್ತದೋ ಅಷ್ಟು ನೆಟ್‌ವರ್ಕ್‌ನ ಪಾಲು. ಅದಕ್ಕಿಂತ ಜಾಸ್ತಿಯಾದದ್ದನ್ನು ಮಾತ್ರ ಅಮ್ಮನ ಲೆಕ್ಕಕ್ಕೆ ಹಿಡಿಯುತ್ತೇನೆ. ಒಂಬತ್ತನೆಯದು ಚಡಪಡಿಕೆ. ಬೆರಳು ಹೊಸಕುವುದು, ಸೆರಗು ಎಳೆಯುವುದು ಬರೀ ಮುಖ ತೋರಿಸುವ ಫೋನಿನಲ್ಲಿ ಹೇಗೆ ಕಂಡೀತು? ಫೋನನ್ನು ಡಬ್ಬಿಗೆ ಒರಗಿಸಿ, ಮೊಣಕಾಲು ಕಾಣುವಷ್ಟು ಹಿಂದೆ ಕೂರಿಸುತ್ತೇನೆ.

ನನಗೆ ಜಾಸ್ತಿ ಆತಂಕ ಇರುವುದು ಪಿಎಚ್‌ಕ್ಯೂ-9ರ ಕೊನೆಯ ಪ್ರಶ್ನೆಯ ಬಗ್ಗೆ. ಸತ್ತರೆ ವಾಸಿ ಅನಿಸಿದೆಯಾ, ನಿಮಗೆ ನೀವೇ ನೋವು ಮಾಡಿಕೊಳ್ಳಬೇಕು ಅನಿಸಿದೆಯಾ ಎಂದು ಅದು ಕೇಳುತ್ತದೆ. ಆಸ್ಪತ್ರೆಯಲ್ಲಾದರೆ ಪಕ್ಕದ ಕೋಣೆಯಲ್ಲೇ ಡಾಕ್ಟರು. ಇಲ್ಲಿ ನಡುವೆ ನೂರಾರು ಕಿಲೋಮೀಟರ್, ಮೇಲೆ ಕಾಲ್ ಕಟ್ ಆಗಬಹುದು. ಆದ್ದರಿಂದ ಅವರು ಆ ಹೊತ್ತಿನಲ್ಲಿ ಎಲ್ಲಿದ್ದಾರೆ, ಓಡಿ ಬರಬಲ್ಲವರು ಯಾರು, ಕಟ್ ಆದರೆ ಯಾರು ಮತ್ತೆ ಫೋನ್ ಮಾಡಬೇಕು, ಇಷ್ಟನ್ನೂ ಬರೆದುಕೊಳ್ಳದೆ ನಾನು ಮೊದಲ ಪ್ರಶ್ನೆಯನ್ನೇ ಕೇಳುವುದಿಲ್ಲ. ಆ ಕೊನೆಯ ಪ್ರಶ್ನೆಗೆ ಸೊನ್ನೆ ಅಲ್ಲದ ಉತ್ತರ ಬಂದರೆ ಸಂದರ್ಶನ ಅಲ್ಲಿಗೇ ನಿಲ್ಲುತ್ತದೆ. ಮನೋವೈದ್ಯರು ಅದೇ ಕಾಲ್‌ಗೆ ಸೇರುತ್ತಾರೆ. ಉತ್ತರ ಏನೇ ಇರಲಿ, ಎಲ್ಲರಿಗೂ ಟೆಲಿ ಮಾನಸ್ ನಂಬರ್ 14416 ಕೊಡುತ್ತೇನೆ. 2022ರ ಅಕ್ಟೋಬರ್ 10ರಂದು ಶುರುವಾದ, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಅದು. ಹಗಲು ರಾತ್ರಿ ಸಿಗುತ್ತದೆ, ಕಾಸು ಬೇಡ, ಕನ್ನಡದಲ್ಲೂ ಮಾತಾಡುತ್ತಾರೆ.

ನಾನು ತುಂಬುವ ಫಾರಂನಲ್ಲಿ ನೆಟ್‌ವರ್ಕ್ ಹೇಗಿತ್ತು ಎಂದು ಬರೆಯಲು ಜಾಗವಿತ್ತು. ಕೋಣೆಯಲ್ಲಿ ಇನ್ಯಾರಿದ್ದರು ಎಂದು ಬರೆಯಲು ಇರಲಿಲ್ಲ. ಈಗ ಅದನ್ನೂ ಬರೆಯುತ್ತೇನೆ. ಎಲ್ಲ ಅಧ್ಯಯನಗಳಲ್ಲೂ ಆ ಸಾಲು ಇರಲೇಬೇಕು, ಅಲ್ವಾ?

ಇನ್ನು ಮನೆಯವರಿಗೆ ಒಂದು ಮಾತು. ನಿಮ್ಮಲ್ಲಿ ಯಾರಿಗಾದರೂ ಇಂಥ ಕಾಲ್ ಬಂದರೆ, ಫೋನು ಅವರ ಕೈಗೆ ಕೊಟ್ಟು ಒಂದು ಗಂಟೆ ಹೊರಗೆ ಹೋಗಿ. ಹೋಗಲು ಜಾಗವಿಲ್ಲದಿದ್ದರೆ ಟಿವಿ ಸದ್ದು ಜೋರು ಮಾಡಿ. ನನಗೆ ಕೇಳಿಸುವುದು ಸ್ವಲ್ಪ ಕಷ್ಟವಾಗುತ್ತದೆ, ಪರವಾಗಿಲ್ಲ.