ಬಾರ್ಮ್, ಕಾಬ್, ಬ್ಯಾಚ್: ಒಂದೇ ಹಿಟ್ಟು, ಊರಿಗೊಂದು ಹೆಸರು

ಇಂಗ್ಲೆಂಡಿನ ಬರ್ನ್‌ಲಿಯಲ್ಲಿ ಚಿಪ್ಸ್ ಅಂಗಡಿಗೆ ಹೋಗಿ ‘ಚಿಪ್ ಟೀಕೇಕ್’ ಅಂದರೆ, ಅಂಗೈಯಗಲದ ಮೆತ್ತನೆ ಬನ್ನನ್ನು ಸೀಳಿ, ಬೆಣ್ಣೆ ಸವರಿ, ಬಿಸಿ ಚಿಪ್ಸ್ (ದಪ್ಪಗೆ, ಉದ್ದುದ್ದ ಹೆಚ್ಚಿ ಕರಿದ ಆಲೂಗಡ್ಡೆ) ತುಂಬಿ ಕೊಡುತ್ತಾರೆ. ಲಂಡನ್ನಿನಲ್ಲಿ ಹಾಗೆ ಕೇಳಿದರೆ ಮುಖ ನೋಡುತ್ತಾರೆ. ಅಲ್ಲಿ ಟೀಕೇಕ್ ಅಂದರೆ ಒಣದ್ರಾಕ್ಷಿ ಹಾಕಿದ ಸಿಹಿ ಬನ್ನು, ಟೋಸ್ಟ್ ಮಾಡಿ ಚಹಾ ಜೊತೆ ತಿನ್ನುವಂಥದ್ದು. ಸ್ಕಾಟ್ಲೆಂಡಿನಲ್ಲಿ ಅದೇ ಪದಕ್ಕೆ ನೆನಪಾಗುವುದು ಟನ್ನಕ್ಸ್ ಕಂಪನಿಯ ತಿನಿಸು: ಬಿಸ್ಕತ್ತಿನ ಮೇಲೆ ಮಾರ್ಷ್‌ಮ್ಯಾಲೋ ಗುಡ್ಡೆ, ಅದಕ್ಕೆ ಚಾಕೊಲೇಟ್ ಹೊದಿಕೆ. ಬನ್ನೇ ಇಲ್ಲದ ಮಂಗಳೂರು ಬನ್ಸನ್ನು ಪ್ರಶ್ನೆ ಕೇಳದೆ ತಿನ್ನುವ ನಮಗೆ ಇದು ತೀರಾ ವಿಚಿತ್ರ ಅನಿಸಬೇಕಿಲ್ಲ.

ಸಾದಾ ಬನ್ನಿನದು ಇದಕ್ಕೆ ತಿರುಗುಮುರುಗು ಕಥೆ. ತಿಂಡಿ ಒಂದೇ, ಹೆಸರು ಹತ್ತಾರು. ಮ್ಯಾಂಚೆಸ್ಟರಿನಲ್ಲಿ ಬಾರ್ಮ್, ಅಲ್ಲಿಂದ ಕೂಗಳತೆ ದೂರದ ಓಲ್ಡಮ್, ರಾಚ್‌ಡೇಲ್ ಕಡೆ ಮಫಿನ್. ನಾಟಿಂಗಮ್, ಡಾರ್ಬಿ, ಲೆಸ್ಟರಿನಲ್ಲಿ ಕಾಬ್. ಕೊವೆಂಟ್ರಿಯಲ್ಲಿ ಬ್ಯಾಚ್. ಶೆಫೀಲ್ಡ್ ಮತ್ತು ಹಲ್ ಊರುಗಳಲ್ಲಿ ಬ್ರೆಡ್‌ಕೇಕ್. ಸ್ಕಾಟ್ಲೆಂಡಿನಲ್ಲಿ ಮಾರ್ನಿಂಗ್ ರೋಲ್, ದಕ್ಷಿಣ ಇಂಗ್ಲೆಂಡಿನಲ್ಲಿ ಬರೀ ರೋಲ್ ಅಥವಾ ಬಾಪ್. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿಗಳು ಈ ಹೆಸರುಗಳ ನಕ್ಷೆಯನ್ನೇ ಮಾಡಿದ್ದಾರೆ. ಆದರೆ ನಕ್ಷೆ ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಇವುಗಳಲ್ಲಿ ಕೆಲವು ಹೆಸರುಗಳ ಒಳಗೆ ಬನ್ನು ಹೇಗೆ ಆಗುತ್ತಿತ್ತು ಎಂಬುದೇ ಕೂತಿದೆ. ಅದು ತಿಳಿದರೆ ಹೆಸರು ತಾನಾಗಿ ನೆನಪಿರುತ್ತದೆ.

ಬಾರ್ಮ್ ಅಂದರೆ ಬಿಯರ್ ಹುದುಗುವಾಗ ಮೇಲೆ ಏಳುವ ನೊರೆ. ಹಿಂದೆ ಬೇಕರಿಯವರು ಅದನ್ನೇ ತಂದು ಹಿಟ್ಟು ಉಬ್ಬಿಸುತ್ತಿದ್ದರು. ಕಾರ್ಖಾನೆಯ ಒತ್ತಿದ ಯೀಸ್ಟ್ ಬಂದಮೇಲೆ ನೊರೆಗೆ ಕೆಲಸವಿಲ್ಲವಾಯಿತು, ಹೆಸರು ಮಾತ್ರ ಉಳಿಯಿತು. ಈಗಿನ ಬಾರ್ಮಿನಲ್ಲಿ ಬಾರ್ಮ್ ಹುಡುಕಬೇಡಿ. ಬ್ಯಾಚ್ ಅಂದರೆ ಒಟ್ಟಿಗೆ, ಒಂದಕ್ಕೊಂದು ತಾಗಿಸಿ ಬೇಯಿಸಿದ್ದು. ನಮ್ಮ ಪಾವಿನ ಹಾಗೆ ಹರಿದು ಬಿಡಿಸಬೇಕು, ಪಕ್ಕಗಳಿಗೆ ತೊಗಟೆ ಇರುವುದಿಲ್ಲ. ಸ್ಕಾಟ್ಲೆಂಡಿನ ಪ್ಲೇನ್ ಲೋಫ್‌ಗೆ ಮೇಲೂ ಕೆಳಗೂ ಮಾತ್ರ ಗಟ್ಟಿ ತೊಗಟೆ ಇರುವುದಕ್ಕೂ ಇದೇ ಕಾರಣ. ಕಾಬ್ ಅಂದರೆ ಉಂಡೆ; ನಾಟಿಂಗಮ್ಮಿನಲ್ಲಿ ಗಟ್ಟಿ ತೊಗಟೆಯದಕ್ಕೂ ಮೆತ್ತನೆಯದಕ್ಕೂ ಅದೇ ಹೆಸರು, ಹಾಗಾಗಿ ‘ಕ್ರಸ್ಟಿ’ ಅಥವಾ ‘ಸಾಫ್ಟ್’ ಎಂದು ಸೇರಿಸಿ ಕೇಳಬೇಕು. ನ್ಯೂಕಾಸಲ್ಲಿನ ಸ್ಟಾಟಿ ಮಾತ್ರ ಬೇರೆಯೇ ಜಾತಿ: ತಟ್ಟೆಯಷ್ಟು ಅಗಲ, ಚಪ್ಪಟೆ, ಅಗಿದು ತಿನ್ನಬೇಕಾದ ರೊಟ್ಟಿ. ಬೇಕರಿ ಒಲೆಯ (ಓವನ್) ನೆಲದ ಮೇಲೇ ಬೇಯುತ್ತದೆ. ಅದನ್ನು ಬನ್ನುಗಳ ಪಟ್ಟಿಗೆ ಸೇರಿಸುವುದು ನನ್ನ ಮಟ್ಟಿಗೆ ತಪ್ಪು.

ಒಂದೇ ಹಿಟ್ಟಿನಿಂದ ಇವುಗಳಲ್ಲಿ ಹೆಚ್ಚಿನವನ್ನು ಮನೆಯಲ್ಲೇ ಮಾಡಬಹುದು. 500 ಗ್ರಾಂ ಬ್ರೆಡ್ ಹಿಟ್ಟು, 7 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 9 ಗ್ರಾಂ ಉಪ್ಪು, 10 ಗ್ರಾಂ ಸಕ್ಕರೆ, 30 ಗ್ರಾಂ ಬೆಣ್ಣೆ, ಹಾಲು ನೀರು ಸಮಸಮ ಬೆರೆಸಿದ್ದು 310 ಮಿಲಿ. ಅಲ್ಲಿನ ಹಳೆಯ ಕ್ರಮದಲ್ಲಿ ಬೆಣ್ಣೆಯ ಜಾಗದಲ್ಲಿ ಹಂದಿಕೊಬ್ಬು. ಬೆಂಗಳೂರಿನ ಮೈದಾದಲ್ಲಿ ಪ್ರೋಟೀನ್ ಕಡಿಮೆ, ಅಷ್ಟು ನೀರು ಹಿಡಿಯುವುದಿಲ್ಲ; 280 ಮಿಲಿಯಿಂದ ಶುರುಮಾಡಿ. ಹತ್ತು ನಿಮಿಷ ನಾದಿ, ಮುಚ್ಚಿಟ್ಟು, ಎರಡರಷ್ಟು ಆಗುವವರೆಗೆ ಕಾಯಿರಿ. ಇಂಗ್ಲೆಂಡಿನ ಚಳಿಯ ಅಡುಗೆಮನೆಯಲ್ಲಿ ಒಂದೂವರೆ ಗಂಟೆ ಹಿಡಿಯುವುದು ನಮ್ಮ ಏಪ್ರಿಲ್‌ನಲ್ಲಿ ಮುಕ್ಕಾಲು ಗಂಟೆಯಲ್ಲೇ ಆಗಿಬಿಡುತ್ತದೆ. ಗಡಿಯಾರ ನೋಡಬೇಡಿ, ಹಿಟ್ಟು ನೋಡಿ. ಎಂಟು ಉಂಡೆ ಮಾಡಿದರೆ ಒಂದೊಂದು ಸುಮಾರು 105 ಗ್ರಾಂ ಬರುತ್ತದೆ.

ಹೆಸರುಗಳು ಕವಲೊಡೆಯುವುದು ಇಲ್ಲಿಂದ. ಉಂಡೆಗಳ ನಡುವೆ ಒಂದೂವರೆ ಸೆಂಟಿಮೀಟರ್ ಮಾತ್ರ ಬಿಟ್ಟರೆ ಉಬ್ಬಿ ತಾಗಿಕೊಂಡು ಬ್ಯಾಚ್ ಆಗುತ್ತವೆ. ದೂರ ಇಟ್ಟು, ಅಂಗೈಯಲ್ಲಿ ಒತ್ತಿ, ಹಾಲು ಸವರಿ, ಮೇಲೆ ಹಿಟ್ಟು ಉದುರಿಸಿದರೆ ಬಾಪ್. ಒಲೆಗೆ ಇಡುವ ಮುನ್ನ ನಡುವೆ ಬೆರಳಿನಿಂದ ಒತ್ತಬೇಕು, ಇಲ್ಲದಿದ್ದರೆ ಮೇಲ್ಮೈಯಲ್ಲಿ ಗುಳ್ಳೆ ಏಳುತ್ತದೆ. ಕೆಂಟ್ ಪ್ರಾಂತ್ಯದ ಹಫ್‌ಕಿನ್‌ಗೆ ಆ ಗುಳಿ ಇನ್ನೂ ಆಳ, ಅದೇ ಅದರ ಗುರುತು. ಬೆಣ್ಣೆ, ಹಾಲು ಬಿಟ್ಟು ಬರೀ ನೀರಲ್ಲಿ ಕಲಸಿ, ಒಲೆಯಲ್ಲಿ ಒಂದು ಬಟ್ಟಲು ಕುದಿನೀರು ಇಟ್ಟು ಬೇಯಿಸಿದರೆ ಗಟ್ಟಿ ತೊಗಟೆಯ ಕಾಬ್. ಎಲ್ಲವಕ್ಕೂ ಎರಡನೇ ಸಲ ಉಬ್ಬಲು 35ರಿಂದ 40 ನಿಮಿಷ, ಬಳಿಕ 220 ಡಿಗ್ರಿಯಲ್ಲಿ 12ರಿಂದ 15 ನಿಮಿಷ. ಸ್ಟಾಟಿ ಬೇಕಿದ್ದರೆ ಹಿಟ್ಟನ್ನು ಎರಡೇ ಪಾಲು ಮಾಡಿ, 20 ಸೆಂಟಿಮೀಟರ್ ಅಗಲಕ್ಕೆ ತಟ್ಟಿ, ಸ್ವಲ್ಪವೇ ಉಬ್ಬಲು ಬಿಟ್ಟು, ಚೆನ್ನಾಗಿ ಕಾದ ತಟ್ಟೆಯ ಮೇಲೆ 200 ಡಿಗ್ರಿಯಲ್ಲಿ ಹತ್ತು ನಿಮಿಷ ಬೇಯಿಸಿ, ಮಗುಚಿ ಮತ್ತೆ ಎಂಟು ನಿಮಿಷ.

ಮೆತ್ತನೆ ಬನ್ನು ಗಟ್ಟಿಯಾಗಿಬಿಡುವುದೇ ಸಾಮಾನ್ಯ ದೂರು. ಹೆಚ್ಚಿನವರು ಯೀಸ್ಟನ್ನು ಬೈಯುತ್ತಾರೆ, ತಪ್ಪು ಒಲೆಯದು. ಶಾಖ ಕಡಿಮೆಯಿಟ್ಟು 25 ನಿಮಿಷ ಬೇಯಿಸಿದರೆ ಒಳಗಿನ ತೇವ ಆರಿಹೋಗುತ್ತದೆ. ಹೆಚ್ಚು ಶಾಖ, ಕಡಿಮೆ ಹೊತ್ತು ಎಂಬುದೇ ಸರಿ. ಒಲೆಯಿಂದ ತೆಗೆದ ತಕ್ಷಣ ಬಟ್ಟೆ ಮುಚ್ಚಿ, ಹಬೆಗೆ ತೊಗಟೆ ಮೆತ್ತಗಾಗುತ್ತದೆ. ಕಾಬಿಗೆ ಮಾತ್ರ ಮುಚ್ಚಬಾರದು. ತಣ್ಣಗಾದಮೇಲೆ ಬನ್ನು ಸುಕ್ಕುಗಟ್ಟಿ ಕುಸಿದರೆ ಎರಡನೇ ಉಬ್ಬು ಅತಿಯಾಗಿದೆ ಎಂದರ್ಥ. ಬೆರಳೊತ್ತಿದ ಗುಳಿ ನಿಧಾನಕ್ಕೆ ಮೇಲೆ ಬಂದರೆ ಹದ. ಏಳದೆ ಹಾಗೇ ಉಳಿದರೆ ಹೊತ್ತು ಮೀರಿದೆ.

ಕೇಕುಗಳ ಕಡೆಗೂ ಇದೇ ಗೊಂದಲ. ಉತ್ತರ ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿ ‘ಬನ್’ ಅಂದರೆ ಕಾಗದದ ಬಟ್ಟಲಲ್ಲಿ ಬೇಯಿಸಿದ ಪುಟ್ಟ ಕೇಕು. ದಕ್ಷಿಣದವರಿಗೆ ಅದು ಫೇರಿ ಕೇಕ್. ಈಚೆಗೆ ಅಮೆರಿಕದ ‘ಕಪ್‌ಕೇಕ್’ ಎರಡನ್ನೂ ತಳ್ಳುತ್ತಿದೆ, ಜೊತೆಗೆ ಕ್ರೀಮಿನ ಗೋಪುರವನ್ನೂ ಹೊತ್ತು ತಂದಿದೆ. ಹಾಗಾಗಿ ಮ್ಯಾಂಚೆಸ್ಟರಿನಲ್ಲಿ ಬೇಕನ್ (ಉಪ್ಪು ಹಾಕಿದ ಹಂದಿಮಾಂಸ) ತುಂಬಿಸಿಕೊಳ್ಳಲು ‘ಬನ್’ ಕೇಳುವ ಬದಲು ಬಾರ್ಮ್ ಎನ್ನುವುದು ಕ್ಷೇಮ.

ಲ್ಯಾಂಕಷೈರಿನ ಮೂರು ಒಣದ್ರಾಕ್ಷಿ ತಿಂಡಿಗಳನ್ನು ಒಂದೇ ಎನ್ನುವವರಿದ್ದಾರೆ, ಆ ಊರಿನವರ ಮುಂದೆ ಹಾಗನ್ನಬೇಡಿ. ಎಕಲ್ಸ್ ಕೇಕಿಗೆ ಪದರ ಬಿಡುವ ಪಫ್ ಹಿಟ್ಟು, ಮೇಲೆ ಸಕ್ಕರೆ, ಮೂರು ಗೀರು. 1793ರಲ್ಲಿ ಎಕಲ್ಸ್ ಊರಲ್ಲಿ ಇದನ್ನು ಮಾರಿದ ಜೇಮ್ಸ್ ಬರ್ಚ್ ಹೆಸರು ಇಂದಿಗೂ ಕೇಳಿಬರುತ್ತದೆ. ಚೋರ್ಲಿ ಕೇಕಿಗೆ ಪದರವಿಲ್ಲದ ಶಾರ್ಟ್‌ಕ್ರಸ್ಟ್, ಸಕ್ಕರೆ ಇಲ್ಲ, ತಿನ್ನುವಾಗ ಮೇಲೆ ಬೆಣ್ಣೆ. ರೊಸೆಂಡೇಲ್ ಕಡೆಯ ಸ್ಯಾಡ್ ಕೇಕ್ ಇನ್ನೂ ಅಗಲ; ಅಲ್ಲಿನ ಆಡುಮಾತಿನಲ್ಲಿ ‘ಸ್ಯಾಡ್’ ಅಂದರೆ ಉಬ್ಬದೆ ಗಟ್ಟಿಯಾಗಿ ಕೂತದ್ದು, ದುಃಖಕ್ಕೂ ಅದಕ್ಕೂ ಸಂಬಂಧವಿಲ್ಲ. ಎಕಲ್ಸ್ ಮಾಡುವಾಗ ಕೈಕೊಡುವುದು ಹೂರಣ. 200 ಗ್ರಾಂ ಕರಂಟ್ ದ್ರಾಕ್ಷಿಗೆ 50 ಗ್ರಾಂ ಬೆಣ್ಣೆ, 75 ಗ್ರಾಂ ಕಂದು ಸಕ್ಕರೆ, ಚೂರು ಜಾಯಿಕಾಯಿ ಸೇರಿಸಿ ಬಿಸಿ ಮಾಡಿ, ಪೂರ್ತಿ ಆರಿಸಬೇಕು. ಬಿಸಿ ಹೂರಣ ಪಫ್ ಹಿಟ್ಟಿನ ಬೆಣ್ಣೆಯನ್ನು ಕರಗಿಸಿ ಪದರಗಳನ್ನು ಅಂಟಿಸಿಬಿಡುತ್ತದೆ. ಹೋಳಿಗೆಯಂತೆ ಅಂಚು ಒಟ್ಟುಗೂಡಿಸಿ, ಬಾಯಿ ಕೆಳಗೆ ಮಾಡಿ ಇಡಿ. ಗೀರು ಹಾಕದಿದ್ದರೆ ಹಬೆ ಪಕ್ಕದಿಂದ ಒಡೆದು ಬಂದು ಸಕ್ಕರೆ ಸೋರಿ ತಟ್ಟೆಗೆ ಸುಟ್ಟು ಹಿಡಿಯುತ್ತದೆ.

ಹೆಸರು ಬೇಕೆಂದೇ ಬದಲಾದದ್ದು ಜರ್ಮನ್ ಬಿಸ್ಕತ್ತಿನದು. ಎರಡು ಬಿಸ್ಕತ್ತಿನ ನಡುವೆ ಜಾಮ್, ಮೇಲೆ ಬಿಳಿ ಐಸಿಂಗ್, ಅರ್ಧ ಚೆರ್ರಿ. 1914ರಲ್ಲಿ ಯುದ್ಧ ಶುರುವಾದಮೇಲೆ ಜರ್ಮನಿಯ ಹೆಸರು ಬೇಡವಾಗಿ ಅದು ಎಂಪೈರ್ ಬಿಸ್ಕತ್ತು ಆಯಿತು. ಸ್ಕಾಟ್ಲೆಂಡಿನ ಬೇಕರಿಗಳಲ್ಲಿ ಇವತ್ತಿಗೂ ಅದೇ ಹೆಸರು. ಸಾಮ್ರಾಜ್ಯ ಹೋದರೂ ಬಿಸ್ಕತ್ತು ಉಳಿದಿದೆ. ಉತ್ತರ ಐರ್ಲೆಂಡಿನಲ್ಲಿ ಜರ್ಮನ್ ಬಿಸ್ಕತ್ತು ಎಂಬ ಹಳೆಯ ಹೆಸರೇ ಚಾಲ್ತಿಯಲ್ಲಿದೆ. ಮಾಡುವುದಾದರೆ ಬಿಸ್ಕತ್ತು ಪೂರ್ತಿ ತಣ್ಣಗಾಗಲಿ, ಬೆಚ್ಚಗಿದ್ದರೆ ಐಸಿಂಗ್ ಅಂಚಿನಿಂದ ಇಳಿದುಹೋಗುತ್ತದೆ. ಜಾಮ್ ಒಂದು ಟೀ ಚಮಚಕ್ಕಿಂತ ಹೆಚ್ಚಾದರೆ ಮೇಲಿನದು ಜಾರುತ್ತದೆ. ಚೆರ್ರಿಯನ್ನು ಐಸಿಂಗ್ ಹಸಿಯಿರುವಾಗಲೇ ಕೂರಿಸಿ, ಒಣಗಿದಮೇಲೆ ಇಟ್ಟರೆ ಅಂಟುವುದಿಲ್ಲ.