‘ರೋಬೋಟ್ ಸಾಕಲ್ವಾ?’ ಅಂತ ಕೇಳುವವರಿಗೆ

ಸಾಕು. ಹೋಗಿ ಬನ್ನಿ.

ಇಷ್ಟಕ್ಕೇ ಮುಗಿಸಬಹುದಿತ್ತು, ಆದರೆ ಕೇಳುವ ಧಾಟಿ ಸುಮ್ಮನಿರಲು ಬಿಡುವುದಿಲ್ಲ. ನಾನು ಆಗಾಗ ಗ್ರಹಗಳ ಬಗ್ಗೆ ಬರೆಯುವವನು, ಅಷ್ಟೇ. ರಾಕೆಟ್ಟಿನ ಖರ್ಚುವೆಚ್ಚ ನನ್ನ ಜೇಬಲ್ಲಿಲ್ಲ. ಆದರೂ ‘ಚಂದ್ರನಿಗೋ ಮಂಗಳಕ್ಕೋ ರೋಬೋಟ್ ಕಳಿಸಿದ್ರೆ ಸಾಕಲ್ವಾ, ಸುಮ್ನೆ ಮನುಷ್ಯರನ್ನ ಯಾಕೆ ಕಳಿಸ್ತಾರೆ?’ ಅಂತ ನನ್ನನ್ನೇ ಹಿಡಿದು ನಿಲ್ಲಿಸುತ್ತಾರೆ. ಆ ‘ಸುಮ್ನೆ’ ಇದೆಯಲ್ಲ, ನನಗೆ ಉರಿಯುವುದು ಅದಕ್ಕೇ.

ಹೋದ ಸಲ ಕೇಳಿದವರು ಹಲ್ಲಿನ ಡಾಕ್ಟರು. ನನ್ನ ಬಾಯಿ ಅಗಲ ತೆರೆದಿತ್ತು, ಅವರ ಕೈಯಲ್ಲಿ ಡ್ರಿಲ್ ತಿರುಗುತ್ತಿತ್ತು. ‘ಆಂ... ಆಂ’ ಅಂದೆ. ಒಪ್ಪಿಕೊಂಡೆ ಅಂದುಕೊಂಡರು.

ಬಾಯಿ ನನ್ನ ಸ್ವಾಧೀನದಲ್ಲಿದ್ದಿದ್ದರೆ ಹೇಳುತ್ತಿದ್ದೆ: ಡಾಕ್ಟ್ರೇ, ಕೊರೆಯೋ ಕೆಲಸವನ್ನೇ ತಗೊಳ್ಳಿ. 2018ರಲ್ಲಿ ಮಂಗಳದ ಮೇಲಿಳಿದ ಇನ್‌ಸೈಟ್ ನೌಕೆಯಲ್ಲಿ 40 ಸೆಂಟಿಮೀಟರ್ ಉದ್ದದ ಒಂದು ಮೊಳೆಯಂಥ ಸಲಕರಣೆ ಇತ್ತು. ತನ್ನನ್ನು ತಾನೇ ಬಡಿದುಕೊಳ್ಳುತ್ತ 5 ಮೀಟರ್‌ವರೆಗೂ ಇಳಿದು ನೆಲದೊಳಗಿನ ಬಿಸಿ ಅಳೆಯಬೇಕಿತ್ತು. ಮಣ್ಣು ಹಿಡಿತ ಕೊಡಲಿಲ್ಲ, ಮೊಳೆ ನಿಂತಲ್ಲೇ ಕುಣಿಯಿತು. ಭೂಮಿಯಿಂದ ಆಜ್ಞೆ ಕಳಿಸುವುದು, ಫೋಟೊಗೆ ಕಾಯುವುದು, ನೌಕೆಯ ತೋಳಿನಿಂದ ಒತ್ತಿ ನೋಡುವುದು, ಮತ್ತೆ ಕಾಯುವುದು. ಹೀಗೇ ಸುಮಾರು ಎರಡು ವರ್ಷ. 2021ರ ಜನವರಿಯಲ್ಲಿ ಕೈಬಿಟ್ಟಾಗ ಮೊಳೆಯ ತಲೆ ಮುಳುಗಿತ್ತು, ಅಷ್ಟೇ ಸಾಧನೆ.

1971ರಲ್ಲಿ ಅಪೊಲೊ 15ರ ಡ್ರಿಲ್ ಕೂಡ ಚಂದ್ರನ ನೆಲದಲ್ಲಿ ಸಿಕ್ಕಿಬಿದ್ದಿತ್ತು. ಅಲ್ಲಿದ್ದ ಗಗನಯಾತ್ರಿಗಳು ಸ್ಕಾಟ್, ಇರ್ವಿನ್ ಇಬ್ಬರೂ ಸೇರಿ ಹೆಗಲು ಕೊಟ್ಟು ಎಳೆದು ಕಿತ್ತರು. 2 ಮೀಟರಿಗೂ ಮಿಕ್ಕಿದ ಆಳದ ಮಣ್ಣು ಭೂಮಿಗೆ ಬಂತು. (ಬಿಸಿ ಅಳೆಯಲು ಕೊರೆದ ತೂತುಗಳು ಅವರಿಗೂ ಅಂದುಕೊಂಡಷ್ಟು ಆಳ ಹೋಗಲಿಲ್ಲ. ನಾನೇನು ಮನುಷ್ಯರ ವಕೀಲನಲ್ಲ. ಶುಕ್ರನಲ್ಲಿ ವೆನೆರಾ 13 ಎಂಬ ಯಂತ್ರವೇ 127 ನಿಮಿಷ ಬದುಕಿದ್ದು. ಅಲ್ಲಿಗೆ ಯಾರನ್ನೂ ಕಳಿಸಿ ಅನ್ನುವುದಿಲ್ಲ.)

ಡಾಕ್ಟರು ಬೇರೆಯದನ್ನೇ ಕೇಳಬಹುದಿತ್ತು. ನನ್ನ ಬಾಯಿಗಿಡುವ ಮುಂಚೆ ಸಲಕರಣೆಗಳನ್ನೆಲ್ಲ ಆವಿಯಲ್ಲಿ ಬೇಯಿಸಿ ತಂದಿದ್ದರಲ್ಲ, ‘ಅಲ್ಲಿಗೆ ಕಳಿಸುವಾಗಲೂ ಹೀಗೇ ಮಾಡ್ತಾರಾ?’ ಅಂತ. ಮಾಡುತ್ತಾರೆ! 1976ರಲ್ಲಿ ಮಂಗಳದಲ್ಲಿಳಿದ ಎರಡು ವೈಕಿಂಗ್ ನೌಕೆಗಳನ್ನು 110 ಡಿಗ್ರಿ ದಾಟಿದ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸಿಯೇ ಕಳಿಸಿದ್ದು. ಗುರುಗ್ರಹವನ್ನು ಸುತ್ತುತ್ತಿದ್ದ ಗೆಲಿಲಿಯೊ ನೌಕೆಗೆ ಆ ಸ್ನಾನ ಆಗಿರಲಿಲ್ಲ. ಎಂದಾದರೂ ಗುರುವಿನ ಉಪಗ್ರಹವಾದ ಯುರೋಪಾಕ್ಕೆ ಡಿಕ್ಕಿ ಹೊಡೆದು, ಹಿಮದಡಿಯ ಸಾಗರಕ್ಕೆ ನಮ್ಮ ಸೂಕ್ಷ್ಮಾಣು ಬೆರೆಸೀತು ಎಂದು 2003ರಲ್ಲಿ ಅದನ್ನು ಗುರುಗ್ರಹದೊಳಕ್ಕೆ ಬೀಳಿಸಿದರು.

ಮನುಷ್ಯನನ್ನು ಬೇಯಿಸುವಂತಿಲ್ಲ. ಹೊಟ್ಟೆ ತುಂಬ ಬ್ಯಾಕ್ಟೀರಿಯಾ ಹೊತ್ತೇ ಹೋಗುತ್ತಾನೆ. ಅಪೊಲೊ ಯಾತ್ರಿಗಳು ತಮ್ಮ ಮಲದ ಚೀಲಗಳನ್ನು ಚಂದ್ರನ ಮೇಲೇ ಬಿಟ್ಟು ಬಂದರು. ಮಂಗಳದಲ್ಲೂ ಹಾಗೇ ಮಾಡಿ, ಆಮೇಲೆ ‘ಜೀವ ಸಿಕ್ಕಿತು’ ಎಂದು ಕುಣಿದರೆ, ಅದು ಅಲ್ಲಿಯದೋ ನಮ್ಮ ಚೀಲದ್ದೋ? ಮನುಷ್ಯರನ್ನು ಕಳಿಸಬೇಡಿ ಎನ್ನಲು ಇದಕ್ಕಿಂತ ಗಟ್ಟಿ ಕಾರಣ ನನಗೆ ಗೊತ್ತಿಲ್ಲ. ಹೌದು, ನನ್ನ ವಾದಕ್ಕೆ ನಾನೇ ತೂತು ಕೊರೆದಂತಾಯಿತು.

ಅಷ್ಟರಲ್ಲಿ ಡಾಕ್ಟರು ಬಾಯಿ ಮುಕ್ಕಳಿಸಿ ಅಂದರು. ಮುಕ್ಕಳಿಸಿ ತಲೆ ಎತ್ತುವಷ್ಟರಲ್ಲಿ ಮುಂದಿನ ಪೇಶೆಂಟ್ ಒಳಗೆ ಬಂದಾಗಿತ್ತು.