ತಲೆ ಹಾರಿದ ಸ್ಕ್ರೂ

ಈ ವಾರ ನೋಡಿದ್ದು ಮರದ ಚೌಕಟ್ಟಿನ ಮನೆಯೊಂದರ ಮಹಡಿ. ಜಂತೆಯ ಒಂದು ತುದಿ ಬೆರಳಗಲ ಕೆಳಗೆ ಜಾರಿತ್ತು. ಅದನ್ನು ತೊಲೆಗೆ ಸೇರಿಸಿ ಹೊತ್ತಿದ್ದ, ತೊಟ್ಟಿಲಿನಂಥ ಲೋಹದ ಹ್ಯಾಂಗರ್‌ನ ತೂತುಗಳ ತುಂಬ ಜಿಪ್ಸಮ್ ಬೋರ್ಡ್‌ಗೆ ಹಾಕುವ ಕಪ್ಪು ಸ್ಕ್ರೂಗಳು. ಬೆರಳಿಂದ ತಟ್ಟಿದ್ದೇ ತಡ, ಒಂದರ ತಲೆ ಕಳಚಿ ಅಂಗೈಗೆ ಬಿತ್ತು.

"ಮೊಳೆಗಿಂತ ಸ್ಕ್ರೂ ಗಟ್ಟಿ ಅಲ್ವಾ ಸಾರ್?" ಎಂದರು ಬಡಗಿ.

ಅವರದು ಸೋಮಾರಿತನವಲ್ಲ. ಒಂದು ತೂತನ್ನೂ ಖಾಲಿ ಬಿಟ್ಟಿರಲಿಲ್ಲ, ಒಂದು ಸ್ಕ್ರೂ ಕೂಡ ಓರೆಯಾಗಿರಲಿಲ್ಲ. ಇಷ್ಟು ಶ್ರದ್ಧೆ ತಪ್ಪು ವಸ್ತುವಿಗೆ ಸುರಿದುಹೋಯಿತಲ್ಲ ಎಂಬುದೇ ಸಂಕಟ.

ಆ ಸ್ಕ್ರೂ ಗಟ್ಟಿಯೇ, ಸುಳ್ಳಲ್ಲ. ಆದರೆ ಕಾಯಿಸಿ ಗಡಸು ಮಾಡಿದ ಉಕ್ಕು ಅದು, ಬಾಗಲು ಒಪ್ಪುವುದಿಲ್ಲ. ಹಿಡಿದೆಳೆದರೆ ಮೊಳೆಗಿಂತ ಬಿಗಿಯಾಗಿ ಕಚ್ಚುತ್ತದೆ ನಿಜ, ಜಂತೆಯ ಭಾರ ಬರುವುದು ಮಾತ್ರ ಅಡ್ಡಡ್ಡಲಾಗಿ. ಮರ ಒಣಗಿ ಕುಗ್ಗಿದಾಗ, ಗಾಳಿಗೆ ಮನೆ ಅಲುಗಿದಾಗ ಮೊಳೆ ಚೂರು ಬಾಗಿ ಮತ್ತೆ ಹೊರುತ್ತದೆ. ಈ ಸ್ಕ್ರೂ ಮುನ್ಸೂಚನೆ ಕೊಡದೆ ಪಟ್ಟನೆ ಮುರಿಯುತ್ತದೆ. ಹ್ಯಾಂಗರ್‌ಗೆಂದೇ ತಯಾರಾದ ದಪ್ಪ ಸ್ಕ್ರೂಗಳ ಮಾತು ಬೇರೆ.

ಹಾಗೆಂದು ಯಾವ ಮೊಳೆಯಾದರೂ ನಡೆದೀತು ಎಂದಲ್ಲ. ಹದಿನಾರು ಪೆನ್ನಿಯ (ಪೆನ್ನಿ ಎಂದರೆ ಮೊಳೆಯ ಗಾತ್ರದ ಹಳೆಯ ಅಳತೆ) ಸಾಮಾನ್ಯ ಮೊಳೆ ಮೂರೂವರೆ ಇಂಚು ಉದ್ದ, 4.1 ಮಿಲಿಮೀಟರ್ ದಪ್ಪ. ನೇಲ್ ಗನ್ನಿನಲ್ಲಿ ಹಾಕುವ ಮೊಳೆ ಹೆಚ್ಚಾಗಿ 3.3 ಮಿಲಿಮೀಟರ್. ಕಣ್ಣಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಆದರೆ ಬಾಗುವಿಕೆಯನ್ನು ತಡೆಯುವ ಬಲ ದಪ್ಪದ ಘನಕ್ಕೆ ತಕ್ಕಂತೆ ಇಳಿಯುವುದರಿಂದ, ತೆಳು ಮೊಳೆಗೆ ಉಳಿಯುವುದು ಹೆಚ್ಚುಕಡಿಮೆ ಅರ್ಧ. ಅದಕ್ಕೇ ಗೋಡೆಯೊಳಗೆ ನೆಟ್ಟಗೆ ನಿಲ್ಲುವ ಮರದ ಪಟ್ಟಿಗೆ ದಪ್ಪ ಮೊಳೆ ಎರಡು ಸಾಕಾದಲ್ಲಿ ತೆಳುವಾದವು ಮೂರು ಬೇಕು.

ಎಲ್ಲಕ್ಕಿಂತ ಕಾಡುವುದು ಮರದ ಕೊನೆಮುಖ, ಅಂದರೆ ಅಡ್ಡ ಕೊಯ್ದ ತುದಿ. ಎಳೆಗಳ ಉದ್ದಕ್ಕೆ ಸಮಾನಾಂತರವಾಗಿ ಹೊಕ್ಕ ಮೊಳೆಯನ್ನು ಎಳೆಗಳು ಹಿಡಿಯುವುದಿಲ್ಲ, ಎಳೆದರೆ ಸಲೀಸಾಗಿ ಬಂದುಬಿಡುತ್ತದೆ. ಹೀಗಾಗಿ ಓರೆ ಮೊಳೆ ಹೊಡೆಯುವುದು: ಮರದ ತುದಿಯಿಂದ ಮೊಳೆಯುದ್ದದ ಮೂರನೇ ಒಂದು ಭಾಗ ಮೇಲೆ ಶುರುಮಾಡಿ, ಸುಮಾರು 30 ಡಿಗ್ರಿ ಓರೆಯಲ್ಲಿ. ತೀರಾ ಅಂಚಿಗೆ ಹೊಡೆದರೆ ಮರ ಸೀಳುತ್ತದೆ. ಒಣಮರವಾದರೆ ಮೊದಲು ಮೊಳೆಗಿಂತ ಸಣ್ಣ ತೂತು ಕೊರೆದುಕೊಳ್ಳುವುದೇ ಕ್ಷೇಮ. ಹುಳ ಹಿಡಿಯದಂತೆ ತಾಮ್ರದ ಔಷಧಿ ಕುಡಿಸಿದ ಮರಕ್ಕೆ ಬರೀ ಉಕ್ಕಿನ ಮೊಳೆ ಬೇಡ. ಬಿಸಿ ಸತುವಿನಲ್ಲಿ ಅದ್ದಿದ್ದೋ ಸ್ಟೇನ್‌ಲೆಸ್ ಉಕ್ಕಿನದೋ ಆಗಬೇಕು, ಇಲ್ಲದಿದ್ದರೆ ತಾಮ್ರ ಅದನ್ನು ತಿಂದುಹಾಕುತ್ತದೆ.

ಹ್ಯಾಂಗರ್‌ನಲ್ಲಿ ಇನ್ನೊಂದು ಮೋಸ ಹೋಗುವ ಜಾಗವಿದೆ. ಪಕ್ಕದ ಓರೆ ತೂತುಗಳ ಮೊಳೆ ಜಂತೆಯನ್ನು ದಾಟಿ ಹಿಂದಿನ ತೊಲೆಗೆ ಹೊಗಬೇಕು. ಒಂದೂವರೆ ಇಂಚಿನ ಮೊಳೆ ಅಲ್ಲಿಗೆ ತಲುಪುವುದೇ ಇಲ್ಲ, ಹೊರಗಿನಿಂದ ಮಾತ್ರ ಎಲ್ಲ ಸರಿಯಾಗಿ ಕಾಣುತ್ತದೆ.

ಜಾಕ್ ಕೊಟ್ಟು ಜಂತೆಯನ್ನು ನಿಧಾನವಾಗಿ ಎತ್ತಿದರು. ಮುರಿದ ಸ್ಕ್ರೂಗಳ ಕಾಂಡ ತೊಲೆಯೊಳಗೇ ಉಳಿದಿದ್ದರಿಂದ ಹಳೆಯ ತೂತುಗಳಲ್ಲಿ ಮೊಳೆ ಇಳಿಯಲಾರದು. ತೂತುಗಳ ಜಾಗ ಬೇರೆ ಇರುವ ಹೊಸ ಹ್ಯಾಂಗರ್ ಬೇಕಾಯಿತು. ಹೊಡೆಯುವ ಮೊದಲು ಬಡಗಿ ಒಂದು ಮೊಳೆಯನ್ನು ವೈಸ್‌ಗೆ ಸಿಕ್ಕಿಸಿ ಸುತ್ತಿಗೆಯಲ್ಲಿ ಬಡಿದರು. ಬಾಗಿತು. ಇನ್ನೂ ಬಡಿದರು, ಕೊಕ್ಕೆಯಾಯಿತು, ಮುರಿಯಲಿಲ್ಲ. ಆಮೇಲೆ ಸ್ಕ್ರೂ. ಒಂದೇ ಏಟಿಗೆ ತಲೆ ಹಾರಿಹೋಯಿತು.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋದ ತಿಂಗಳು ಇನ್ನೊಂದು ಮನೆಗೂ ಇದೇ ಹಾಕಿದೀನಿ, ನಾಳೇನೇ ಹೋಗಿ ಬಿಚ್ತೀನಿ" ಎಂದರು.